ಪುಟ್ಟ ಪಿಸ್ತೂಲೇ ಜಾಸ್ತಿ ಒದೆಯೋದು

ಸಂಪಾದಕರಿಗೆ ನಮಸ್ಕಾರ,

ಅಮೆರಿಕದಲ್ಲಿ ಬಟ್ಟೆ ಒಳಗೆ ಪಿಸ್ತೂಲ್ ಇಟ್ಕೊಂಡು ಓಡಾಡೋರ ಬಗ್ಗೆ ನಿಮ್ಮ ಪತ್ರಿಕೇಲಿ ಬಂದ ಲೇಖನ ಓದಿದೆ. ಗನ್ ಇಟ್ಕೊಳ್ಳೋದು ಸರಿನೋ ತಪ್ಪೋ ಅನ್ನೋ ಚರ್ಚೆಗೆ ನಾನು ಬರಲ್ಲ, ಅದಕ್ಕೆ ಬೇರೆಯವರು ಬೇಕಾದಷ್ಟು ಬರೀತಾರೆ. ಆದ್ರೆ ಅದ್ರಲ್ಲಿ ಕೈಯಲ್ಲಿ ಶಕ್ತಿ ಕಮ್ಮಿ ಇರೋರಿಗೆ, ವಯಸ್ಸಾದೋರಿಗೆ ಅತಿ ಪುಟ್ಟ ಪಿಸ್ತೂಲೇ ಒಳ್ಳೇದು ಅಂತ ಬರೆದಿದ್ದೀರಲ್ಲ, ಅದು ಪೂರ್ತಿ ಉಲ್ಟಾ. ನಾನು ಅಮೆರಿಕದಲ್ಲೇ ಇರೋನು, ಇಲ್ಲಿನ ಗನ್ ಅಂಗಡಿಗಳಲ್ಲೂ ಹೆಂಗಸರು ಹೋಗಿ ನಿಂತ್ರೆ ಸಾಕು ಕೌಂಟರ್ ಹಿಂದಿರೋನು ಗಾಜಿನೊಳಗಿಂದ ಇರೋದ್ರಲ್ಲೇ ಚಿಕ್ಕದು ತೆಗೆದು ಕೈಗೆ ಕೊಡ್ತಾನೆ, ನೋಡಿ ಎಷ್ಟು ಲೈಟು ಅಂತಾನೆ. ಲೈಟ್ ಇರೋದೇ ಪ್ರಾಬ್ಲಮ್ಮು ಸ್ವಾಮಿ.

ಗುಂಡನ್ನ ಮುಂದಕ್ಕೆ ತಳ್ಳೋವಷ್ಟೇ ಬಲ ಪಿಸ್ತೂಲನ್ನ ಹಿಂದಕ್ಕೂ ತಳ್ಳತ್ತೆ, ಇದು ಹೈಸ್ಕೂಲ್ ಫಿಸಿಕ್ಸು. ಗುಂಡು ಅದೇ ಇದ್ದು ಪಿಸ್ತೂಲಿನ ತೂಕ ಅರ್ಧ ಆದ್ರೆ ಅದು ಹಿಂದಕ್ಕೆ ಬರೋ ಸ್ಪೀಡು ಡಬಲ್ ಆಗತ್ತೆ, ಕೈಗೆ ಬೀಳೋ ಎನರ್ಜಿ, ಅಂದ್ರೆ ಒದೆತ, ಅದೂ ಡಬಲ್. 2008ರಲ್ಲಿ ಬಂದ ರೂಗರ್ ಎಲ್‌ಸಿಪಿ ಅಂತ ಒಂದು ಪುಟ್ಟ ಪಿಸ್ತೂಲಿದೆ, ಖಾಲಿ ಇದ್ದಾಗ ಸುಮಾರು 270 ಗ್ರಾಂ, ಪ್ಯಾಂಟ್ ಜೇಬಲ್ಲಿದ್ರೂ ಗೊತ್ತಾಗಲ್ಲ. ಅದಕ್ಕೆ ಹಾಕೋದು .380 ಎಸಿಪಿ ಅನ್ನೋ ಸೈಜಿನ ಗುಂಡು, 9 ಎಂಎಂ ಸೈಜಿನ ಗುಂಡಿಗಿಂತ ಸಾಕಷ್ಟು ಮೆತ್ತಗಿಂದು. ಹಾಗಿದ್ರೂ ಲೆಕ್ಕ ಹಾಕಿ ನೋಡಿದ್ರೆ 600 ಗ್ರಾಂ ತೂಗೋ ಗ್ಲಾಕ್ 19 ಪಿಸ್ತೂಲಲ್ಲಿ 9 ಎಂಎಂ ಹಾರಿಸಿದಾಗ ಬರೋ ಒದೆತಕ್ಕೂ ಇದಕ್ಕೂ ಹೆಚ್ಚುಕಮ್ಮಿ ಏನೂ ವ್ಯತ್ಯಾಸ ಇಲ್ಲ, ಅದರ ಮೇಲೆ ಎಲ್‌ಸಿಪಿ ಹಿಡಿ ಎಷ್ಟು ಸಣ್ಣ ಅಂದ್ರೆ ಕಿರುಬೆರಳಿಗೆ ಜಾಗಾನೇ ಇಲ್ಲ, ಆ ಒದೆತ ಅಷ್ಟೂ ಹೆಬ್ಬೆರಳ ಬುಡಕ್ಕೇ ಬಂದು ಬೀಳತ್ತೆ. ಅದೇ .380ನ್ನ ಸ್ಮಿತ್ ಅಂಡ್ ವೆಸನ್‌ನವರ ಶೀಲ್ಡ್ ಈಝಡ್ ಪಿಸ್ತೂಲಲ್ಲಿ ಹಾರಿಸಿ ನೋಡಿ, ಅದು 500 ಗ್ರಾಂ ಚಿಲ್ಲರೆ, ಒದೆತ ಅರ್ಧಕ್ಕೆ ಇಳಿಯತ್ತೆ. ಅದು ಬಂದಿದ್ದು 2018ರಲ್ಲಿ, ಕೈ ಬಲ ಕಮ್ಮಿ ಇರೋರಿಗೆ ಅಂತಲೇ ಮಾಡಿದ್ದು.

ತೂಕ ಒಂದೇ ನೋಡಿದ್ರೂ ಸಾಲಲ್ಲ. ವಾಲ್ಥರ್ ಪಿಪಿಕೆ ಅನ್ನೋ ಪಿಸ್ತೂಲು ಒಳ್ಳೇ ಸ್ಟೀಲಿಂದು, ಅರ್ಧ ಕೇಜಿ ಮೇಲೇ ಇದೆ, ಆದ್ರೂ .380 ಹಾಕಿ ಹಾರಿಸಿದ್ರೆ ಅಂಗೈಗೆ ಸ್ಕೇಲಲ್ಲಿ ಹೊಡೆದಂಗೆ ಆಗತ್ತೆ. ಯಾಕಂದ್ರೆ ಅದು ಬ್ಲೋಬ್ಯಾಕ್ ಅನ್ನೋ ಥರದ್ದು, ಬ್ಯಾರಲ್ಲಿಗೂ (ನಳಿಗೆ) ಸ್ಲೈಡಿಗೂ (ಪಿಸ್ತೂಲಿನ ಮೇಲೆ ಹಿಂದಕ್ಕೆ ಮುಂದಕ್ಕೆ ಸರಿಯೋ ಭಾಗ) ಲಾಕ್ ಇಲ್ಲ, ಸ್ಲೈಡಿನ ಭಾರ ಮತ್ತೆ ಗಟ್ಟಿ ಸ್ಪ್ರಿಂಗು ಎರಡೇ ಸೇರಿ ಎಲ್ಲಾ ತಡೀಬೇಕು. ಸ್ಪ್ರಿಂಗ್ ಗಟ್ಟಿ ಅಂದ್ಮೇಲೆ ಮೊದಲ ಗುಂಡು ಬ್ಯಾರಲ್ಲಿಗೆ ಬರೋಕೆ ಸ್ಲೈಡನ್ನ ಕೈಯಿಂದ ಎಳೆಯೋದೂ ಕಷ್ಟಾನೇ. ಹಾಗಾಗಿ .380 ತಗೊಳ್ಳೋದಾದ್ರೆ ಲಾಕ್ಡ್ ಬ್ರೀಚ್, ಅಂದ್ರೆ ಬ್ಯಾರಲ್ಲಿಗೂ ಸ್ಲೈಡಿಗೂ ಲಾಕ್ ಇರೋದು, ಹೌದಾ ಅಂತ ಮೊದಲು ಕೇಳಿ, ಸಿಗ್‌ನವರ ಪಿ238, ಪಿ365ರ .380 ಮಾಡೆಲ್ಲು, ಈ ಈಝಡ್ಡು ಎಲ್ಲಾ ಆ ಥರದ್ದೇ.

ಇನ್ನು ಸ್ಲೈಡ್ ವಿಷಯ. ತುಂಬಾ ಜನಕ್ಕೆ ಸೋಲಾಗೋದು ಒದೆತದಿಂದಲ್ಲ, ಇಲ್ಲೇ. ಗುಂಡು ಹಾರಿಸೋದು ಕಲಿಯೋ ರೇಂಜಲ್ಲಿ ಸಂಧಿವಾತ ಇರೋ ವಯಸ್ಸಾದೋರನ್ನ ನೋಡಿದ್ದೀನಿ, ಪಿಸ್ತೂಲನ್ನ ಕೈ ಉದ್ದ ಚಾಚಿ ಹಿಡ್ಕೊಂಡು ಹೆಬ್ಬೆರಳು ತೋರುಬೆರಳಲ್ಲಿ ಸ್ಲೈಡ್ ಹಿಂದಿನ ಗೆರೆಗಳನ್ನ ಚಿವುಟಿ ಎಳೀತಾರೆ, ಬೆರಳು ಜಾರತ್ತೆ, ಸ್ಲೈಡ್ ಅರ್ಧಕ್ಕೆ ಬಂದು ವಾಪಸ್ ಹೋಗತ್ತೆ, ಮುಖ ಕೆಂಪಾಗತ್ತೆ, ನನ್ ಕೈಲಾಗಲ್ಲ ಬಿಡಿ ಅಂತಾರೆ. ಕಲಿಸೋರು ಮೊದಲು ಪಿಸ್ತೂಲನ್ನ ಎದೆ ಹತ್ತಿರಕ್ಕೆ ತರಿಸ್ತಾರೆ, ಮೂತಿ ಟಾರ್ಗೆಟ್ ಕಡೆಗೇ, ಬೆರಳು ಟ್ರಿಗರ್ ಮೇಲೆ ಇರಲೇಬಾರ್ದು, ಆಮೇಲೆ ಎಡಗೈ ಪೂರ್ತಿ ಮುಷ್ಟಿಲಿ ಸ್ಲೈಡಿನ ಹಿಂಭಾಗ ಬಿಗಿಯಾಗಿ ಹಿಡಿದು ಎಳೆಯೋದರ ಬದಲು ಬಲಗೈಲಿ ಪಿಸ್ತೂಲನ್ನ ಮುಂದಕ್ಕೆ ದೂಡು ಅಂತಾರೆ. ಅದೇ ಜನ, ಅದೇ ಪಿಸ್ತೂಲು, ಸ್ಲೈಡ್ ಬರತ್ತೆ. ಗುಂಡು ಸಿಡಿಸೋ ಸುತ್ತಿಗೆ (ಹ್ಯಾಮರ್) ಹೊರಗೆ ಕಾಣೋ ಮಾಡೆಲ್ ಆದ್ರೆ ಮೊದಲು ಅದನ್ನ ಹಿಂದಕ್ಕೆಳೆದು ಆಮೇಲೆ ಸ್ಲೈಡ್ ಎಳೆದ್ರೆ ಇನ್ನೂ ಹಗುರ. ಅದೂ ಆಗಲ್ಲ ಅನ್ನೋರಿಗೆ ಬೆರೆಟ್ಟಾ ಬಾಬ್‌ಕ್ಯಾಟ್ ಥರದ್ದಿವೆ, ಸಣ್ಣ ಲಿವರ್ ಒತ್ತಿದ್ರೆ ಬ್ಯಾರಲ್ಲೇ ಮೇಲಕ್ಕೆ ಎದ್ದು ಬರತ್ತೆ, ಗುಂಡನ್ನ ನೇರ ಅಲ್ಲೇ ಇಟ್ಟು ಮುಚ್ಚಬಹುದು. ಗುಂಡು .22, ಒದೆತ ಇಲ್ಲವೇ ಇಲ್ಲ ಅನ್ನಿ, ಆದ್ರೆ ರಿಮ್‌ಫೈರ್, ಅಂದ್ರೆ ತಳದ ಅಂಚಿಗೆ ಏಟು ಬಿದ್ದು ಸಿಡಿಯೋ ಗುಂಡು, ಆಗಿರೋದ್ರಿಂದ ಒಮ್ಮೊಮ್ಮೆ ಟುಸ್ ಅಂತ ಹಾರೋದೇ ಇಲ್ಲ, ಅದು ಗೊತ್ತಿದ್ದು ತಗೋಬೇಕು.

ರಿವಾಲ್ವರ್ ತಗೊಳ್ಳಿ, ಸ್ಲೈಡೇ ಇಲ್ಲ ಅನ್ನೋ ಸಲಹೇನೂ ಓಡ್ತಿರತ್ತೆ. 400 ಗ್ರಾಂ ಆಸುಪಾಸಿನ ಅಲ್ಯೂಮಿನಿಯಂ ಸ್ನಬ್ಬಿ (ಮೋಟು ಬ್ಯಾರಲ್ಲಿನ ರಿವಾಲ್ವರ್) .38 ಗುಂಡಲ್ಲಿ ಒದೆಯೋ ಥರ ನೋಡಿದೋರು ಯಾರೂ ಹೊಸಬರಿಗೆ ಅದನ್ನ ಹೇಳಲ್ಲ, ಟ್ರಿಗರ್ ಬೇರೆ ಅಷ್ಟು ಉದ್ದ, ಅಷ್ಟು ಗಟ್ಟಿ.

ಒದೆತಕ್ಕೆ ಹೆದರೋದು ಬರೀ ಕೈನೋವಿನ ಮಾತಾಗಿದ್ರೆ ನಾನು ಇಷ್ಟುದ್ದ ಬರೀತಿರ್ಲಿಲ್ಲ. ಹೆದರಿಕೆ ಒಂದ್ಸಲ ಹತ್ತಿದ್ರೆ ಟ್ರಿಗರ್ ಬೀಳೋ ಮುಂಚೇನೇ ಕಣ್ಣು ಮುಚ್ಕೊಳತ್ತೆ, ಮಣಿಕಟ್ಟು ಮೂತೀನ ಕೆಳಗೆ ಒತ್ತಿಬಿಡತ್ತೆ, ಗುಂಡು ಟಾರ್ಗೆಟ್ ಕೆಳಗೆ ಹೋಗತ್ತೆ. ಇದನ್ನ ಕಂಡುಹಿಡಿಯೋಕೆ ಗುಂಡು ತುಂಬೋ ಮ್ಯಾಗಝಿನ್ನಲ್ಲಿ ಹೇಳದೇ ಒಂದು ಡಮ್ಮಿ ಗುಂಡು ಸೇರಿಸಿಡ್ತಾರೆ, ಅದು ಬಂದಾಗ ಸದ್ದೂ ಇಲ್ಲ ಒದೆತಾನೂ ಇಲ್ಲ, ಆದ್ರೂ ಮೂತಿ ಗಬಕ್ಕಂತ ಕೆಳಗೆ ಬಗ್ಗತ್ತೆ, ಹಾರಿಸಿದೋರಿಗೇ ನಗು ಬರತ್ತೆ. ಇನ್ನೊಂದು, ಮಣಿಕಟ್ಟು ಸಡಿಲ ಬಿಟ್ಟು ಹಾರಿಸಿದ್ರೆ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗಿ ಬರದೇ ಹಾರಿದ ಗುಂಡಿನ ಖಾಲಿ ಕೇಸು ಸಿಕ್ಕಾಕ್ಕೊಳತ್ತೆ, ಇದು ಹಗುರ ಪಿಸ್ತೂಲಲ್ಲೇ ಜಾಸ್ತಿ. ಅಂದ್ರೆ ಕೈ ಬಲ ಇಲ್ಲದೋರಿಗೆ ಅಂತ ಕೊಟ್ಟಿದ್ದು ಅವರ ಕೈಲೇ ಮೊದಲು ಕೆಟ್ಟು ನಿಲ್ಲತ್ತೆ.

9 ಎಂಎಂ ಬೇಕೇಬೇಕು ಅಂದ್ರೆ ಅರ್ಧ ಕೇಜಿಗಿಂತ ಕೆಳಗೆ ಇಳೀಬೇಡಿ, ಮೂರು ಬೆರಳೂ ಕೂರೋ ಹಿಡಿ ನೋಡಿ, ಡಬ್ಬಿ ಮೇಲೆ ಪ್ಲಸ್ ಪಿ (ಜಾಸ್ತಿ ಒತ್ತಡದ್ದು) ಅಂತ ಇರೋ ಗುಂಡು ಬೇಡ. 147 ಗ್ರೇನಿನ (ಗ್ರೇನ್ ಅಂದ್ರೆ ಗುಂಡಿನ ತೂಕದ ಅಳತೆ) ಭಾರದ, ನಿಧಾನದ ಗುಂಡು ಸುಮಾರು ಜನಕ್ಕೆ ಏಟಿನ ಥರ ಅನ್ಸದೆ ತಳ್ಳಿದಂಗೆ ಅನ್ಸತ್ತೆ. ಬಟ್ಟೆ ಒಳಗೆ ಸ್ವಲ್ಪ ಉಬ್ಬಿ ಕಾಣತ್ತೆ ಅನ್ನೋದಕ್ಕೆ ಬೆಲ್ಟು, ಹೋಲ್ಸ್ಟರ್ (ಪಿಸ್ತೂಲ್ ಇಡೋ ಚೀಲ) ಸರಿ ಮಾಡ್ಕೊಳ್ಳಿ, ಟ್ರಿಗರ್ ಪೂರ್ತಿ ಮುಚ್ಚೋ ಗಟ್ಟಿ ಹೋಲ್ಸ್ಟರೇ ಆಗ್ಬೇಕು. ಹೆಚ್ಚಿನ ರೇಂಜುಗಳಲ್ಲಿ ಪಿಸ್ತೂಲು ಬಾಡಿಗೆಗೆ ಸಿಗತ್ತೆ, ಕೊಳ್ಳೋ ಮುಂಚೆ ಒಂದು ಡಬ್ಬಿ ಗುಂಡು ಹಾರಿಸಿ, ಕೊನೇ ಹತ್ತು ಗುಂಡಿಗೆ ಕೈ ಏನ್ ಹೇಳತ್ತೆ ಅಂತ ನೋಡಿ, ಮೊದಲ ಹತ್ತಲ್ಲ. ಈಝಡ್‌ನ 9 ಎಂಎಂ ಮಾಡೆಲ್ಲನ್ನ ಸೆಕೆಂಡ್ ಹ್ಯಾಂಡಲ್ಲಿ ತಗೊಳ್ಳೋರು ಮಾತ್ರ ಸೀರಿಯಲ್ ನಂಬರ್ ಚೆಕ್ ಮಾಡ್ಸಿ, 2020ರಲ್ಲಿ ತಯಾರಾದ ಕೆಲವನ್ನ ಸುತ್ತಿಗೆ ದೋಷ ಅಂತ ಕಂಪನಿಯೇ ವಾಪಸ್ ಕರೆಸಿತ್ತು.

ಇತಿ,
ಅಮೆರಿಕದಲ್ಲಿರೋ ನಿಮ್ಮ ಓದುಗ