ಬಣ್ಣ ಬಳಿಯುವ ಮೊದಲು ಕಾಕ್‌ಪಿಟ್ ಮಾತು ಒಂದಾಗಲಿ

ಮಾನ್ಯ ಸಂಪಾದಕರೇ,

ವಿಮಾನ ಕಂಪನಿಗಳು ವಿಲೀನವಾದ ಸುದ್ದಿ ಬಂದಾಗಲೆಲ್ಲ ಹುಬ್ಬಳ್ಳಿ-ಧಾರವಾಡದಲ್ಲಿ ಎರಡು ಪ್ರಶ್ನೆ ಏಳುತ್ತವೆ: ಗೋಕುಲ ರಸ್ತೆಯ ನಿಲ್ದಾಣಕ್ಕೆ ವಿಮಾನ ಹೆಚ್ಚುತ್ತವೆಯೇ, ಟಿಕೆಟ್ ದರ ಇಳಿಯುತ್ತದೆಯೇ. ಪ್ರಯಾಣಿಕರು ಕೇಳಲೇಬೇಕಾದ ಮೂರನೆಯದನ್ನು ಯಾರೂ ಕೇಳುವುದಿಲ್ಲ. ಎರಡು ಕಂಪನಿಗಳ ಪೈಲಟ್‌ಗಳನ್ನು ಒಂದೇ ಕಾಕ್‌ಪಿಟ್‌ನಲ್ಲಿ ಅಕ್ಕಪಕ್ಕ ಕೂರಿಸುವ ಮೊದಲು ಅವರ ಕೆಲಸದ ಪದ್ಧತಿಯನ್ನು ಒಂದು ಮಾಡಲಾಗಿದೆಯೇ?

2024ರ ಅಕ್ಟೋಬರ್ 1ರಂದು ಎಐಎಕ್ಸ್ ಕನೆಕ್ಟ್ (ಹಿಂದಿನ ಏರ್‌ಏಷ್ಯಾ ಇಂಡಿಯಾ) ಕಂಪನಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನೊಳಗೆ ಸೇರಿತು. ಅದೇ ವರ್ಷ ನವೆಂಬರ್ 12ರಂದು ವಿಸ್ತಾರ, ಏರ್ ಇಂಡಿಯಾದಲ್ಲಿ ಒಂದಾಯಿತು. ದೇಶದಲ್ಲಿ ಇವೇ ಕೊನೆಯ ವಿಲೀನಗಳೂ ಆಗಲಾರವು. ಹೆಸರು, ಟಿಕೆಟ್ ಸಂಖ್ಯೆ ಒಂದು ರಾತ್ರಿಯಲ್ಲಿ ಬದಲಾಗುತ್ತವೆ. ಆದರೆ ಸುಮಾರು ಹತ್ತು ವರ್ಷ ರೇಡಿಯೊದಲ್ಲಿ ‘ವಿಸ್ತಾರ’ ಎಂದೇ ಉತ್ತರಿಸಿದ ನಾಲಿಗೆಗೆ ಮರುದಿನ ಬೆಳಿಗ್ಗೆ ‘ಏರ್ ಇಂಡಿಯಾ’ ಎನ್ನಲು ಎಚ್ಚರ ಬೇಕು. ನಾಲಿಗೆಯ ತಪ್ಪನ್ನು ಕಂಟ್ರೋಲ್ ಟವರ್ ಕೂಡಲೇ ತಿದ್ದುತ್ತದೆ. ಕೈಯ ಅಭ್ಯಾಸ ತಪ್ಪಿದರೆ ತಿದ್ದಲು ಪಕ್ಕದಲ್ಲಿ ಕುಳಿತ ಒಬ್ಬರೇ ಇರುತ್ತಾರೆ, ಅವರು ಬೇರೆ ಮನೆಯಲ್ಲಿ ಬೇರೆ ಪಾಠ ಕಲಿತವರು.

‘ಏರ್‌ಬಸ್ ಎ320 ವಿಮಾನವನ್ನು ಯಾರು ಹಾರಿಸಿದರೂ ಅದು ಎ320 ತಾನೇ’ ಎಂದು ಕೇಳುವವರಿದ್ದಾರೆ. ಯಂತ್ರ ಒಂದೇ, ನಿಜ. ಯಾವ ಗುಂಡಿಯನ್ನು ಯಾರು ಮುಟ್ಟಬೇಕು, ಯಾವ ಹೊತ್ತಿಗೆ, ಯಾವ ಮಾತು ಹೇಳಿ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ರೈಲ್ವೆ ಕುಟುಂಬಗಳ ಊರಾದ ಹುಬ್ಬಳ್ಳಿಗೆ ಈ ಮಾತು ಬೇಗ ಅರ್ಥವಾಗಬೇಕು. ರೈಲ್ವೆಯ ಜನರಲ್ ರೂಲ್ಸ್ (ಮೂಲ ನಿಯಮಗಳು) ಇಡೀ ದೇಶಕ್ಕೆ ಒಂದೇ, ಸಬ್ಸಿಡಿಯರಿ ರೂಲ್ಸ್ (ಪೂರಕ ನಿಯಮಗಳು) ವಲಯಕ್ಕೊಂದು. ಸಿಗ್ನಲ್ ಕಂಡಾಗ ಲೋಕೊ ಪೈಲಟ್ ಮತ್ತು ಸಹಾಯಕ ಅದರ ಬಣ್ಣವನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿಕೊಳ್ಳುತ್ತಾರಲ್ಲ, ಆ ಹೇಳಿಕೆಯ ಕ್ರಮ ಇಬ್ಬರಿಗೂ ಒಂದೇ ಇದ್ದರಷ್ಟೇ ಅದಕ್ಕೆ ಬೆಲೆ. ಕಾಕ್‌ಪಿಟ್‌ನಲ್ಲೂ ಹಾಗೆಯೇ, ವೇಗ ಮಾತ್ರ ಬಹಳ ಹೆಚ್ಚು.

ಇಳಿಯುವ ಹೊತ್ತನ್ನೇ ತೆಗೆದುಕೊಳ್ಳಿ. ನೆಲದಿಂದ 1000 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ಚಕ್ರ ಇಳಿದಿರಬೇಕು, ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಇಳಿಬಿಡುವ ಹಲಗೆ) ಲ್ಯಾಂಡಿಂಗ್ ಸ್ಥಿತಿಯಲ್ಲಿರಬೇಕು, ವೇಗ ಗುರಿಯ ಹತ್ತಿರ ಇರಬೇಕು, ಇಳಿಯುವ ದರ ನಿಮಿಷಕ್ಕೆ 1000 ಅಡಿ ಮೀರಬಾರದು. ಇದರಲ್ಲಿ ಒಂದು ತಪ್ಪಿದರೂ ಇಳಿಯುವುದನ್ನು ಬಿಟ್ಟು ‘ಗೋ ಅರೌಂಡ್’, ಅಂದರೆ ಮತ್ತೆ ಮೇಲೇರಬೇಕು. ಕೆಲವು ಕಂಪನಿಗಳಲ್ಲಿ ಈ ಗಡಿ ಎಲ್ಲ ಹವೆಯಲ್ಲೂ 1000 ಅಡಿ. ಇನ್ನು ಕೆಲವು ಕಂಪನಿಗಳು ಮೋಡವಿದ್ದರೆ 1000, ರನ್‌ವೇ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದರೆ 500 ಅಡಿ ಎನ್ನುತ್ತವೆ. ಎರಡೂ ಒಪ್ಪಿತ ಪದ್ಧತಿಗಳೇ. ಆದರೆ ಮೊದಲನೆಯ ಮನೆಯ ಸಹ ಪೈಲಟ್, ಎರಡನೆಯ ಮನೆಯ ಕ್ಯಾಪ್ಟನ್ ಜತೆಯಾದಾಗ 800 ಅಡಿಯಲ್ಲಿ ಏನಾಗುತ್ತದೆ? ವೇಗ ಗುರಿಗಿಂತ ಇನ್ನೂ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಹೆಚ್ಚಿದೆ. ಸಹ ಪೈಲಟ್‌ನ ಲೆಕ್ಕದಲ್ಲಿ ಗಡಿ ದಾಟಿ ಹೋಗಿದೆ. ಕ್ಯಾಪ್ಟನ್‌ನ ಲೆಕ್ಕದಲ್ಲಿ ಇನ್ನೂ ಸಮಯವಿದೆ. 1000 ಅಡಿಯಿಂದ 500 ಅಡಿಗೆ ಇಳಿಯಲು ಸುಮಾರು 40 ಸೆಕೆಂಡ್ ಸಾಕು. ಆ 40 ಸೆಕೆಂಡ್ ವಾದಕ್ಕಲ್ಲ. ಒಂದು ಮಾತು, ಒಂದು ಉತ್ತರ, ಅಷ್ಟಕ್ಕೇ ಜಾಗ.

2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತ ಅಪಘಾತಕ್ಕೆ ವಿಲೀನ ಕಾರಣವಲ್ಲ. ಅದನ್ನು ಇಲ್ಲಿ ತರುವುದು ಬೇರೆ ಕಾರಣಕ್ಕೆ. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದರೂ ವಿಮಾನ ಇಳಿಯುತ್ತಲೇ ಹೋಯಿತು ಎಂದು ತನಿಖೆ ಹೇಳಿತು. 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ ನಡೆದ ವಿಮಾನ ಅಪಘಾತದಲ್ಲೂ ‘ಗೋ ಅರೌಂಡ್’ ಎಂಬ ಮಾತು ಬಂದಿತ್ತು, ಹಾರಿಸುವವರ ಕೈ ಅದನ್ನು ಪಾಲಿಸಲಿಲ್ಲ. ಒಂದೇ ಕಂಪನಿಯ ಒಂದೇ ಪುಸ್ತಕ ಓದಿದವರ ನಡುವೆಯೇ ಮಾತು ಕೆಲಸ ಮಾಡದೆ ಹೋಗಬಹುದಾದರೆ, ಎರಡು ಪುಸ್ತಕಗಳ ನಡುವೆ ಎಷ್ಟು ಎಚ್ಚರ ಬೇಕು!

ಟೇಕ್‌ಆಫ್ ರದ್ದು ಮಾಡುವ ಪದವೂ ಅಷ್ಟೇ ಮುಖ್ಯ. ಏರ್‌ಬಸ್ ಪದ್ಧತಿಯಲ್ಲಿ ಕ್ಯಾಪ್ಟನ್ ‘ಸ್ಟಾಪ್’ ಎನ್ನುತ್ತಾರೆ, ಬೋಯಿಂಗ್ ಪದ್ಧತಿಯಲ್ಲಿ ‘ರಿಜೆಕ್ಟ್’. ಪದ ಕೇಳಿದೊಡನೆ ಇನ್ನೊಬ್ಬರ ಕೈಗೂ ಕಣ್ಣಿಗೂ ನಿಗದಿಯಾದ ಕೆಲಸವಿದೆ: ರಿವರ್ಸರ್ (ಎಂಜಿನ್‌ನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಸಾಧನ) ತೆರೆಯಿತೇ, ವೇಗ ಇಳಿಯುತ್ತಿದೆಯೇ ನೋಡಿ ಹೇಳುವುದು. 140 ನಾಟ್ ವೇಗದಲ್ಲಿ ವಿಮಾನ ಒಂದು ಸೆಕೆಂಡ್‌ಗೆ ಸುಮಾರು 72 ಮೀಟರ್ ಓಡುತ್ತದೆ. ನಮ್ಮ ಹುಬ್ಬಳ್ಳಿ ರನ್‌ವೇ 2600 ಮೀಟರ್. ‘ಏನಂದರು?’ ಎಂದು ಯೋಚಿಸಲು ಎರಡು ಸೆಕೆಂಡ್ ಹೋದರೆ ಅದರಲ್ಲಿ 144 ಮೀಟರ್ ಹೋದಂತೆ, ಅದೂ ಮಳೆಯಲ್ಲಿ ತೊಯ್ದ ರನ್‌ವೇ ಆದರೆ ನಿಲ್ಲಿಸಲು ಇನ್ನೂ ಉದ್ದ ಬೇಕು.

ಕಣ್ಣಿಗೆ ಬೀಳದ ಅಪಾಯ ಎತ್ತರ ಹೊಂದಿಸುವುದರಲ್ಲಿದೆ. ಆಟೋಪೈಲಟ್ ಹಾಕಿದ್ದಾಗ ಏರ್‌ಬಸ್‌ನಲ್ಲಿ ಹಾರಿಸುವವರೇ ಹೊಸ ಎತ್ತರವನ್ನು ಗುಂಡಿ ತಿರುವಿ ಹಾಕುತ್ತಾರೆ, ಮತ್ತೊಬ್ಬರು ಪರದೆಯಲ್ಲಿ ನೋಡಿ ದೃಢಪಡಿಸುತ್ತಾರೆ. ರೇಡಿಯೊ ನೋಡಿಕೊಳ್ಳುವವರೇ ತಿರುವಬೇಕೆಂಬ ಪದ್ಧತಿಯಲ್ಲಿ ಬೆಳೆದವರು ಜತೆಯಾದರೆ ‘ಅವರು ಹಾಕಿರುತ್ತಾರೆ’ ಎಂದು ಇಬ್ಬರೂ ಭಾವಿಸಬಹುದು. ಆಗ ಯಾರೂ ಹಾಕಿರುವುದಿಲ್ಲ. ಎತ್ತರ ತೋರಿಸುವ ಮಾಪಕಕ್ಕೆ ಹಾಕುವ ಗಾಳಿಯ ಒತ್ತಡದ ಸಂಖ್ಯೆಯದೂ ಇದೇ ಕಥೆ. ಅದು 10 ಹೆಕ್ಟೋಪಾಸ್ಕಲ್ (ಒತ್ತಡದ ಅಳತೆ) ತಪ್ಪಾದರೆ ಎತ್ತರ ಸುಮಾರು 280 ಅಡಿ ತಪ್ಪಾಗುತ್ತದೆ. 2022ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಇದೇ 10 ಹೆಕ್ಟೋಪಾಸ್ಕಲ್ ತಪ್ಪಿನಿಂದ ಒಂದು ಎ320 ರನ್‌ವೇಗೂ ಮೊದಲೇ ನೆಲದಿಂದ ಬರೀ 6 ಅಡಿ ಎತ್ತರಕ್ಕೆ ಬಂದಿತ್ತು. ಆದ್ದರಿಂದ ಚೆಕ್‌ಲಿಸ್ಟ್‌ಗೆ (ಓದಿ ಖಾತ್ರಿಪಡಿಸಿಕೊಳ್ಳುವ ಕೆಲಸಗಳ ಪಟ್ಟಿಗೆ) ‘ಸೆಟ್’ ಎಂದಷ್ಟೇ ಉತ್ತರಿಸುವ ಪದ್ಧತಿಗಿಂತ ಇಬ್ಬರೂ ತಮ್ಮ ತಮ್ಮ ಪರದೆಯ ಅಂಕಿಯನ್ನು ಬಾಯಿಬಿಟ್ಟು ಓದುವ ಪದ್ಧತಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಮೆರಿಕದ ನಾರ್ತ್‌ವೆಸ್ಟ್ ಕಂಪನಿ 1986ರಲ್ಲಿ ರಿಪಬ್ಲಿಕ್ ಕಂಪನಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ಮರುವರ್ಷ ಆಗಸ್ಟ್ 16ರಂದು ಡೆಟ್ರಾಯಿಟ್‌ನಲ್ಲಿ ಅದರ ಎಂಡಿ-82 ವಿಮಾನ ಫ್ಲಾಪ್ ಇಳಿಸದೆಯೇ ಟೇಕ್‌ಆಫ್‌ಗೆ ಓಡಿ ಬಿತ್ತು. 156 ಜನ ಸತ್ತರು. ವಿಮಾನದಲ್ಲಿ ಉಳಿದದ್ದು ನಾಲ್ಕು ವರ್ಷದ ಒಂದು ಹೆಣ್ಣುಮಗು ಮಾತ್ರ. ರನ್‌ವೇಗೆ ಸಾಗುವಾಗ ಓದಬೇಕಾದ ಟ್ಯಾಕ್ಸಿ ಚೆಕ್‌ಲಿಸ್ಟ್ ಮಾಡದಿದ್ದುದೇ ಕಾರಣ ಎಂದು ತನಿಖೆ ಹೇಳಿತು, ವಿಲೀನವನ್ನು ಕಾರಣವೆಂದು ಹೆಸರಿಸಲಿಲ್ಲ. ಆದರೂ ಆ ಅಪಘಾತದ ನಂತರ ಚೆಕ್‌ಲಿಸ್ಟ್‌ಗಳ ಅಧ್ಯಯನ ಗಂಭೀರವಾಗಿ ನಡೆಯಿತು. ಸಂಶೋಧಕರಾದ ಅಸಾಫ್ ಡೆಗಾನಿ ಮತ್ತು ಅರ್ಲ್ ವೀನರ್ ನಾಸಾಗಾಗಿ 1990ರಲ್ಲಿ ಮಾಡಿದ ಅಧ್ಯಯನ, ವಿಲೀನದ ಕಾಲದಲ್ಲಿ ಚೆಕ್‌ಲಿಸ್ಟ್ ಬದಲಾಯಿಸುವುದರ ತೊಡಕನ್ನೂ ಚರ್ಚಿಸಿದೆ. ಕೆಲಸ ಹಗುರವಿದ್ದಾಗ ಹೊಸ ಪದ್ಧತಿ ನೆನಪಿರುತ್ತದೆ, ಎಂಜಿನ್ ಎಚ್ಚರಿಕೆ ಹೊಡೆದುಕೊಂಡಾಗ ಕೈ ತಾನಾಗಿಯೇ ಹಳೆಯ ರೂಢಿಗೆ ಹೊರಳುತ್ತದೆ. ತರಬೇತಿ ಕೊಟ್ಟವರೆಲ್ಲ ಬಲ್ಲ ಸತ್ಯ ಇದು.

ಹಾಗಾದರೆ ಮಾಡಬೇಕಾದ್ದೇನು? ಎರಡೂ ಕಂಪನಿಗಳ ಕೈಪಿಡಿಗಳನ್ನು ಸಾಲು ಸಾಲಾಗಿ ಪಕ್ಕದಲ್ಲಿಟ್ಟು ವ್ಯತ್ಯಾಸ ಬರೆಯುವ ಕೆಲಸ ಮೊದಲು. ದಿನನಿತ್ಯ ಹಾರುವ ಪೈಲಟ್‌ಗಳು ಎರಡೂ ಕಡೆಯಿಂದ ಸಮಸಂಖ್ಯೆಯಲ್ಲಿ ಇರಬೇಕು, ಕಚೇರಿಯವರು ಮಾತ್ರ ಕೂತರೆ ಸಾಲದು. ವ್ಯತ್ಯಾಸ ಸಿಕ್ಕ ಮೇಲೆ ‘ಇದು ನಮ್ಮದು, ಅದು ನಿಮ್ಮದು’ ಎಂಬ ಹಗ್ಗಜಗ್ಗಾಟ ಶುರುವಾಗುತ್ತದೆ. ‘ಎರಡರ ಒಳ್ಳೆಯದನ್ನೂ ಆರಿಸೋಣ’ ಎಂಬ ಮಾತು ಕೇಳಲು ಚೆಂದ. ನಡೆಯುವುದು ಮಾತ್ರ ಕೊಡು-ಕೊಳ್ಳುವ ಚೌಕಾಸಿ, ಕೊನೆಗೆ ಯಾರೂ ಎಂದೂ ಪೂರ್ತಿಯಾಗಿ ಹಾರಿಸಿ ನೋಡದ ಬೆರಕೆ ಪುಸ್ತಕವೊಂದು ತಯಾರಾಗುತ್ತದೆ. ವಿಮಾನ ತಯಾರಕರ ಮೂಲ ಪದ್ಧತಿಯನ್ನೇ ಬುನಾದಿ ಮಾಡಿಕೊಳ್ಳಲಿ. ಅದರಿಂದ ಆಚೆ ಹೋಗುವ ಪ್ರತಿ ಸಾಲಿಗೂ ಲಿಖಿತ ಕಾರಣವಿರಲಿ, ಆ ಕಾರಣ ಪೈಲಟ್‌ಗೂ ತಿಳಿಯಲಿ. ಕಾರಣ ಗೊತ್ತಿಲ್ಲದ ನಿಯಮವನ್ನು ಪರೀಕ್ಷಕರೆದುರು ಪಾಲಿಸುತ್ತಾರೆ, ಬೇರೆ ದಿನ ಬಿಡುತ್ತಾರೆ.

ವಾರಕ್ಕೊಂದು ಸುತ್ತೋಲೆ ಹೊರಡಿಸಿ ಹನಿ ಹನಿಯಾಗಿ ಬದಲಾಯಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಇಂದಿನ ಪುಸ್ತಕ ಯಾವುದು ಎಂಬುದೇ ಗೊಂದಲವಾಗುತ್ತದೆ. ಪೈಲಟ್‌ಗಳಿಗೆ ಆರು ತಿಂಗಳಿಗೊಮ್ಮೆ ಸಾಮರ್ಥ್ಯ ಪರೀಕ್ಷೆ ಇದ್ದೇ ಇದೆ. ಆ ಒಂದು ಸುತ್ತಿನಲ್ಲಿ ಎಲ್ಲರೂ ಸಿಮ್ಯುಲೇಟರ್‌ಗೆ (ನೆಲದ ಮೇಲಿನ ನಕಲಿ ಕಾಕ್‌ಪಿಟ್‌ಗೆ) ಬಂದು ಹೋಗುತ್ತಾರೆ. ಮೊದಲು ಉಳಿದವರನ್ನು ಪರೀಕ್ಷಿಸುವ ಚೆಕ್ ಪೈಲಟ್‌ಗಳನ್ನು ತಯಾರು ಮಾಡಿ, ನಂತರ ಉಳಿದವರಿಗೆ ಟೇಕ್‌ಆಫ್ ರದ್ದತಿ, ಗೋ ಅರೌಂಡ್, ನಿಯಂತ್ರಣ ಹಸ್ತಾಂತರ ಇವನ್ನು ಹೊಸ ಮಾತಿನಲ್ಲೇ ಮಾಡಿಸಿ, ಒಂದು ಮಾದರಿಯ ವಿಮಾನಕ್ಕೆ ಒಂದೇ ದಿನಾಂಕ ಗೊತ್ತುಮಾಡಬೇಕು. ಆ ದಿನದವರೆಗೆ ಎರಡು ಮನೆಯವರ ಮಿಶ್ರ ಜೋಡಿಯನ್ನು ಕೆಲಸದ ಪಾಳಿ ಹಂಚುವ ರೋಸ್ಟರ್ ತಂತ್ರಾಂಶವೇ ತಡೆಯಬೇಕು. ಇದರಿಂದ ಕೆಲವು ತಿಂಗಳು ಸಿಬ್ಬಂದಿ ಹೊಂದಿಸುವುದು ಕಷ್ಟವಾಗುತ್ತದೆ, ಖರ್ಚೂ ಬೀಳುತ್ತದೆ. ವಿಲೀನದ ಲಾಭದ ಲೆಕ್ಕ ಹಾಕುವಾಗ ಈ ಖರ್ಚನ್ನು ಮೊದಲೇ ಬರೆದುಕೊಳ್ಳಬೇಕು.

ಬಡ್ತಿಗೆ ಆಧಾರವಾದ ಪೈಲಟ್‌ಗಳ ಹಿರಿತನದ ಪಟ್ಟಿಯ ಜಗಳವನ್ನೂ ಅಷ್ಟರಲ್ಲಿ ಮುಗಿಸುವುದು ಒಳ್ಳೆಯದು. ಅಮೆರಿಕ ವೆಸ್ಟ್ ಮತ್ತು ಯುಎಸ್ ಏರ್‌ವೇಸ್ ಎಂಬ ಅಮೆರಿಕದ ಕಂಪನಿಗಳು 2005ರಲ್ಲಿ ಒಂದಾದ ಮೇಲೆ ಆ ಜಗಳ ವರ್ಷಗಟ್ಟಲೆ ಕೋರ್ಟಿನಲ್ಲಿ ನಡೆಯಿತು. ಬಡ್ತಿಯ ಕಹಿ ಹೊತ್ತು ಕೂತವರು ಪಕ್ಕದವರ ತಪ್ಪನ್ನು ಎತ್ತಿ ಹೇಳಲು ಹಿಂಜರಿಯುತ್ತಾರೆ.

ನಮ್ಮ ನಿಲ್ದಾಣಕ್ಕೂ ಸಂಸದರ ಅಧ್ಯಕ್ಷತೆಯ ಸಲಹಾ ಸಮಿತಿ ಇದೆ. ಮುಂದೆ ವಿಲೀನಗೊಂಡ ಯಾವುದೇ ಕಂಪನಿ ಹುಬ್ಬಳ್ಳಿಗೆ ಬಂದಾಗ ಅದರ ಪ್ರತಿನಿಧಿಯನ್ನು ಆ ಸಭೆಯಲ್ಲಿ ಕೇಳಲಿ: ಮಿಶ್ರ ಜೋಡಿ ಯಾವ ದಿನಾಂಕದಿಂದ ಹಾರುತ್ತಿದೆ? ಅದಕ್ಕೆ ಮೊದಲು ಪ್ರತಿ ಪೈಲಟ್‌ಗೆ ಎಷ್ಟು ತಾಸು ಸಿಮ್ಯುಲೇಟರ್ ತರಬೇತಿ ಆಯಿತು? ಬದಲಾವಣೆಯ ನಂತರದ ಮೊದಲ ಆರು ತಿಂಗಳಲ್ಲಿ ಕಾಕ್‌ಪಿಟ್‌ನ ಹೆಚ್ಚುವರಿ ಸೀಟಿನಲ್ಲಿ ಕೂತು ಗಮನಿಸಿದವರು ಯಾರು, ಅವರು ಬರೆದದ್ದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಗೆ ತಲುಪಿತೇ?

— ನಿವೃತ್ತ ವಿಮಾನ ಸುರಕ್ಷತಾ ತರಬೇತುದಾರ, ವಿದ್ಯಾನಗರ, ಹುಬ್ಬಳ್ಳಿ