ಯೆರೂಸಲೇಮಿನಿಂದ ಅಪ್ಪನಿಗೆ

ಪೂಜ್ಯ ಅಪ್ಪನವರಿಗೆ, ಕರ್ತನ ನಾಮದಲ್ಲಿ ವಂದನೆಗಳು. ಅಮ್ಮನಿಗೂ ತಿಳಿಸಿ. ನಾನು ಕ್ಷೇಮ, ನಾನು ನೋಡಿಕೊಳ್ಳುವ ಅಜ್ಜಿಯೂ ಕ್ಷೇಮ.

ಸುನಿಲನ ಪತ್ರ ಓದಿದಾಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಪ್ರವಾದಿಯಾದ ಯೆಹೆಜ್ಕೇಲನು ದರ್ಶನದಲ್ಲಿ ಕಂಡ ದೇವಾಲಯ ಇಲ್ಲಿ ಬೇಗನೆ ಏಳಲಿದೆಯೆಂದು ಕಾಣಿಕೆ ಎತ್ತುತ್ತಿರುವ ಬೋಧಕರೊಬ್ಬರ ಮಾತು ನಂಬಿ, ನಿವೃತ್ತಿಯ ಹಣದ ಠೇವಣಿಯನ್ನೇ ಮುರಿಸಲು ಹೊರಟಿದ್ದೀರಂತೆ. ಇದನ್ನು ಓದಿ ಮುಗಿಸುವ ತನಕವಾದರೂ ಬ್ಯಾಂಕಿಗೆ ಹೋಗಬೇಡಿ.

ಯೆಹೆಜ್ಕೇಲನ ಗ್ರಂಥದ 40ನೆಯ ಅಧ್ಯಾಯವನ್ನು ಇನ್ನೊಮ್ಮೆ ತೆರೆಯಿರಿ. ಬಾಬೆಲಿನ ಸೆರೆಯ 25ನೆಯ ವರ್ಷದಲ್ಲಿ, ಯೆರೂಸಲೇಮ್ ಪಟ್ಟಣ ಹಾಳಾಗಿ 14 ವರ್ಷಗಳಾದ ಮೇಲೆ, ಪ್ರವಾದಿಯು ದರ್ಶನದಲ್ಲಿ ಎತ್ತರವಾದ ಬೆಟ್ಟಕ್ಕೆ ಬಂದಾಗ, ತಾಮ್ರದಂತೆ ಹೊಳೆಯುವ ಪುರುಷನೊಬ್ಬನು ನಾರಿನ ಹುರಿಯನ್ನೂ 6 ಮೊಳದ ಅಳತೆಕೋಲನ್ನೂ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ಅವನು ಗೋಡೆ, ಹೆಬ್ಬಾಗಿಲು, ಕೋಣೆ, ಅಂಗಳಗಳನ್ನು ಅಳೆಯುತ್ತಾ ಹೋಗುತ್ತಾನೆಯೇ ಹೊರತು, ಕಟ್ಟುವುದಕ್ಕೆಂದು ಯಾರಿಂದಲೂ ಏನನ್ನೂ ಕೇಳುವುದಿಲ್ಲ. ಮೋಶೆಯ ಕಾಲದಲ್ಲಿ ಆರಾಧನೆಯ ಗುಡಾರ ಕಟ್ಟಿಸಬೇಕಾದಾಗ ವಿಮೋಚನಕಾಂಡ 25ರಲ್ಲಿ ದೇವರು ಚಿನ್ನ, ಬೆಳ್ಳಿ, ತಾಮ್ರ ಎಂದು ಹೆಸರಿಸಿಯೇ ಕಾಣಿಕೆ ಕೇಳಿದನು. ಇಲ್ಲಿಯಾದರೋ ಆಲಯ ಆಗಲೇ ನಿಂತಿದೆ.

ನೀವು 43:11 ತೋರಿಸುವಿರೆಂದು ನನಗೆ ಗೊತ್ತು. ನಕ್ಷೆಯನ್ನು ಜನರಿಗೆ ತಿಳಿಸಬೇಕೆಂದು ಅಲ್ಲಿ ಇರುವುದು ನಿಜ. ಆದರೆ ಸೆರೆಯಿಂದ ಮರಳಿದವರು ಕ್ರಿ.ಪೂ. 516ರ ಸುಮಾರಿಗೆ ಮುಗಿಸಿದ ಆಲಯವೂ ಈ ಅಳತೆಯದಾಗಿರಲಿಲ್ಲ. 47ನೆಯ ಅಧ್ಯಾಯದಲ್ಲಿ ಆಲಯದ ಹೊಸ್ತಿಲ ಕೆಳಗಿನಿಂದ ಹೊರಟು, ಮೊಣಕಾಲಿಗೂ ಸೊಂಟಕ್ಕೂ ಏರಿ, ಲವಣಸಮುದ್ರವನ್ನೇ (ಮೃತ ಸಮುದ್ರವನ್ನೇ) ಸಿಹಿಯಾಗಿಸುವ ನದಿಯನ್ನು ಯಾವ ಮೇಸ್ತ್ರಿ ಹರಿಸಬಲ್ಲ? ಅದರ ದಡದ ಏಂಗೆದಿಯಲ್ಲಿ ಬೆಸ್ತರು ಬಲೆ ಹರಡುವರೆಂದು ಬರೆದಿದೆ. ಆ ದಡವನ್ನು ನಾನು ಕಂಡಿದ್ದೇನೆ. ಸಮುದ್ರ ವರ್ಷಕ್ಕೆ ಸುಮಾರು ಒಂದು ಮೀಟರ್ ಇಳಿಯುತ್ತಿದ್ದು, ನೆಲ ಕುಸಿದು ದೊಡ್ಡ ಗುಂಡಿಗಳಾಗಿವೆ. ಬೇರೆ ಕಡೆ ಜನ ಆ ನೀರಿನ ಮೇಲೆ ಅಂಗಾತ ಮಲಗಿ ಪತ್ರಿಕೆ ಓದುತ್ತಾರೆ, ನೀವು ನೋಡಿದರೆ ನಗುವಿರಿ. ಯೆರೂಸಲೇಮಿನ ಕೋಟೆಯಲ್ಲಿ ಮುಚ್ಚಿರುವ ಬಂಗಾರದ ಬಾಗಿಲನ್ನು ತೋರಿಸಿ, ಬಾಗಿಲು ಮುಚ್ಚಿಯೇ ಇರಬೇಕೆನ್ನುವ 44:2 ನೆರವೇರಿತೆನ್ನುವವರೂ ಇಲ್ಲಿದ್ದಾರೆ. ಪ್ರವಾದಿ ಹೇಳಿದ್ದು ಯೆಹೋವನು ಪ್ರವೇಶಿಸಿದ ಆಲಯದ ಬಾಗಿಲನ್ನು, ಈ ಕೋಟೆಯ ಬಾಗಿಲನ್ನಲ್ಲ.

ಅಕ್ಷರಶಃ ಆಲಯವೇ ಬರುವುದೆಂದು ನಂಬುವ ಕ್ರೈಸ್ತರು ಅನೇಕರಿದ್ದಾರೆ, ಅವರನ್ನು ನಾನು ಹಳಿಯುವುದಿಲ್ಲ. ಆದರೆ ಅವರಲ್ಲಿಯೂ ಬಹುಮಂದಿ ಜೆಕರ್ಯ 6:12-13ನ್ನು ಹಿಡಿದು, ಅದನ್ನು ಕಟ್ಟುವವನು ಮೆಸ್ಸೀಯನೇ ಎನ್ನುತ್ತಾರೆ. ಹಾಗಾದರೆ ನಿಮ್ಮ ಠೇವಣಿ ಏತಕ್ಕೆ? ಯೆಹೆಜ್ಕೇಲನ ಆ ಆಲಯದಲ್ಲಿನ ಯಜ್ಞಗಳು ಕೇವಲ ಸ್ಮರಣೆಗೆಂದು ಅವರು ಹೇಳುವುದು ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ 45:17 ದೋಷಪರಿಹಾರಕ್ಕೆಂದೇ ಹೇಳುತ್ತದೆ, ಇಬ್ರಿಯರಿಗೆ 10 ಆ ಕೆಲಸ ಕ್ರಿಸ್ತನ ಬಲಿಯಿಂದ ಒಂದೇ ಸಾರಿ ಮುಗಿಯಿತೆನ್ನುತ್ತದೆ. ಯೋಹಾನ 2ರಲ್ಲಿ ಯೇಸು ತನ್ನ ದೇಹವನ್ನೇ ದೇವಾಲಯವೆಂದನು. ಪ್ರಕಟನೆ 21:22ರ ಪಟ್ಟಣದಲ್ಲಿ ದೇವಾಲಯವೇ ಇಲ್ಲ. ಮುಂದಿನ ಅಧ್ಯಾಯದಲ್ಲಿ ನದಿ ಹೊರಡುವುದು ದೇವರ ಮತ್ತು ಯಜ್ಞದ ಕುರಿಯಾದಾತನ, ಅಂದರೆ ಕ್ರಿಸ್ತನ, ಸಿಂಹಾಸನದಿಂದ.

ಪರದೇಶಕ್ಕೆ ಬಂದು ಮಗಳು ನಂಬಿಕೆ ಬಿಟ್ಟಳೆಂದು ಮಾತ್ರ ತಿಳಿಯಬೇಡಿ. ಇಲ್ಲಿ ಭಾನುವಾರ ಕೆಲಸದ ದಿನವಾದ್ದರಿಂದ ನಮ್ಮ ಆರಾಧನೆ ಶನಿವಾರ ನಡೆಯುತ್ತದೆ, ನಾನು ತಪ್ಪಿಸುವುದಿಲ್ಲ. ಆರೋಗ್ಯ ಚೆನ್ನಾಗಿದೆ, ಊಟ ಚೆನ್ನಾಗಿದೆ, ಭಯಪಡುವಂಥದ್ದು ಏನೂ ಇಲ್ಲ, ನಿಜವಾಗಿಯೂ ಏನೂ ಇಲ್ಲ. ಅಜ್ಜಿ ಕರೆಯುತ್ತಿದ್ದಾರೆ. ಠೇವಣಿ ಹಾಗೆಯೇ ಇದೆಯೆಂದು ಸುನಿಲನಿಂದ ಕೂಡಲೇ ಬರೆಸಿ.

ನಿಮ್ಮ ಮಗಳು,
ಶಾಂತಿ