ಕೈಸನ್ನೆ ವಾದ್ಯ: ಭಾನುವಾರಕ್ಕೆ ಮುಂಚೆ ಓದಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ 🙏 ಮುಟ್ಟದೆ, ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ವಾದ್ಯ ಇದು: ಒಂದು ಸೆನ್ಸರ್ ಎದುರಿನ ಕೈ ಶ್ರುತಿಯನ್ನು, ಇನ್ನೊಂದರ ಎದುರಿನ ಕೈ ವಾಲ್ಯೂಮನ್ನು ಬದಲಿಸುತ್ತದೆ. ತಲಾ ಬೇಕಾದದ್ದು: ರಾಸ್ಪ್‌ಬೆರಿ ಪೈ ಪಿಕೋ (ಪ್ರೋಗ್ರಾಂ ಹಾಕಿ ನಡೆಸುವ ಪುಟ್ಟ ಬೋರ್ಡ್) 1, ವಿಎಲ್53ಎಲ್0ಎಕ್ಸ್ (ಬೆಳಕಿನಿಂದ ಅಳೆಯುವ) ದೂರಮಾಪಕ ಸೆನ್ಸರ್ 2, ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಹಲಗೆ), ಜಂಪರ್ ತಂತಿ 8, ಡೇಟಾ ಸಾಗಿಸುವ ಯುಎಸ್‌ಬಿ ಕೇಬಲ್. ಬರೀ ಚಾರ್ಜಿಂಗ್ ಕೇಬಲ್ ತಂದರೆ ಪಿಕೋ ಕಂಪ್ಯೂಟರಿಗೆ ಕಾಣುವುದೇ ಇಲ್ಲ.

ಅಲ್ಟ್ರಾಸಾನಿಕ್ ಸೆನ್ಸರ್ ದಯವಿಟ್ಟು ಬೇಡ. ಅಂಗೈ ಸ್ವಲ್ಪ ಓರೆಯಾದರೂ ಪ್ರತಿಧ್ವನಿ ಬೇರೆಡೆ ಹೋಗಿ ಸ್ವರ ತಟ್ಟನೆ ಹಾರುತ್ತದೆ.

ಎರಡೂ ಸೆನ್ಸರ್‌ಗಳ ವಿಳಾಸ, ಅಂದರೆ ಪಿಕೋ ಅವನ್ನು ಗುರುತಿಸುವ ಸಂಖ್ಯೆ, ಒಂದೇ (ಹೆಕ್ಸ್ 29). ಆದ್ದರಿಂದ ಪಿಕೋದ ಡೇಟಾ ಸಾಗುವ ತಂತಿ ದಾರಿಗಳಾದ ಎರಡು ಐ2ಸಿ ಬಸ್‌ಗಳಿಗೆ ಒಂದೊಂದು ಜೋಡಿಸಿ. ನಡುವೆ 30 ಸೆಂ.ಮೀ. ಅಂತರ ಇರಲಿ: ನೋಟದ ಕೋನ 25 ಡಿಗ್ರಿ, ಹತ್ತಿರವಿಟ್ಟರೆ ಶ್ರುತಿಯ ಕೈಯನ್ನು ವಾಲ್ಯೂಮ್ ಸೆನ್ಸರ್ ಕೂಡ ನೋಡುತ್ತದೆ. ಸೆನ್ಸರ್ ಮೇಲಿನ ತೆಳು ರಕ್ಷಣಾ ಹಾಳೆ ಕೀಳಲು ಮರೆಯಬೇಡಿ. ಕಿಟಕಿಯ ಬಿಸಿಲಲ್ಲಿ ಕೂರಬೇಡಿ.

ಮುಖ್ಯ ಸಂಗತಿ ಶ್ರುತಿ. 10ರಿಂದ 50 ಸೆಂ.ಮೀ. ದೂರವನ್ನು ಮಿಡಿಯ (ವಾದ್ಯಗಳು ಕಂಪ್ಯೂಟರಿನೊಡನೆ ಮಾತಾಡುವ ಭಾಷೆ), ಸ್ವರ ಬಾಗಿಸುವ ಸಂದೇಶವಾದ ಪಿಚ್‌ಬೆಂಡ್ ಆಗಿ ಕಳಿಸಿ, ಕಂಟ್ರೋಲ್ ಚೇಂಜ್ (ವಾಲ್ಯೂಮ್‌ನಂಥ ಗುಂಡಿಗಳ ಸಂದೇಶ) ಆಗಿ ಅಲ್ಲ. ಕಂಟ್ರೋಲ್ ಚೇಂಜ್‌ನಲ್ಲಿ 128 ಹಂತ ಮಾತ್ರ; ಗಮಕ ಎಳೆದರೆ ಮೆಟ್ಟಿಲು ಇಳಿದಂತೆ ಕೇಳುತ್ತದೆ. ಪಿಚ್‌ಬೆಂಡ್‌ನಲ್ಲಿ 16,384 ಹಂತಗಳಿವೆ. ನಾದ ಹೊರಡಿಸುವ ಸಿಂಥ್‌ನಲ್ಲಿ ಬೆಂಡ್ ವ್ಯಾಪ್ತಿ ಸಾಮಾನ್ಯವಾಗಿ 2 ಸೆಮಿಟೋನ್ (ಅರ್ಧಸ್ವರ) ಇರುತ್ತದೆ, 12 ಮಾಡಿಕೊಳ್ಳಿ.

ಅಳತೆಯ ನಡುಕ ತಗ್ಗಿಸಲು ಹಳೆಯ ಮೌಲ್ಯದ 0.7 ಪಾಲಿಗೆ ಹೊಸದರ 0.3 ಪಾಲು ಕೂಡಿಸಿ. ಹಳೆಯ ಪಾಲು 0.9 ಆದರೆ ಕೈ ಮುಂದೆ, ನಾದ ಹಿಂದೆ! ಕೈ ತೆಗೆದಾಗ ಸೆನ್ಸರ್ 8190ರ ಆಸುಪಾಸಿನ ಅಂಕಿ ಕೊಡುತ್ತದೆ. ಅದು ಶ್ರುತಿಯಲ್ಲ, 600 ಮಿ.ಮೀ. ದಾಟಿದ ಅಳತೆಯನ್ನೆಲ್ಲ ಬಿಟ್ಟು ವಾಲ್ಯೂಮ್ ಸೊನ್ನೆಗೆ ಇಳಿಸಿ. ಇಲ್ಲದಿದ್ದರೆ ಪ್ರತಿ ಸಾಲಿನ ಕೊನೆಗೂ ಕೀರಲು ಸದ್ದು ಬರುತ್ತದೆ.

ವೈರಿಂಗ್ ಮುಗಿಸಿದವರು ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇವೆ.